ಕಾರ್ಮೆಲ್ ಗಿರಿಯ ತಪ್ಪಲಿನ ವೀರಗಲ್ಲುಗಳು

೧

ಚಿಕ್ಕಮಗಳೂರು ಸೀಮೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದುಹೋಗುವವರಿಗೆ ಊರಬಾಗಿಲಿನಲ್ಲಿಯೋ, ಕೆರೆಯ ಏರಿಯ ಮೇಲೆಯೋ, ಪಾಳುಬಿದ್ದ ದೇಗುಲದ ಮಗ್ಗುಲಲ್ಲಿಯೋ ಎದೆಯೆತ್ತರದ ಕಲ್ಲೊಂದು ನಿಂತಿರುವುದು ಕಣ್ಣಿಗೆ ಬೀಳದಿರದು. ಅದರ ಕೆಳಗಿನ ಹಂತದಲ್ಲಿ ಕಾಳಗದ ಚಿತ್ರ; ನಡುವಣ ಹಂತದಲ್ಲಿ ಅಪ್ಸರೆಯರು ಮಡಿದ ವೀರನನ್ನು ತೋಳುಗಳಲ್ಲಿ ಎತ್ತಿಕೊಂಡು ಒಯ್ಯುವ ಚಿತ್ರ; ಮೇಲಿನ ಹಂತದಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ, ಜೈನನಾದರೆ ಜಿನಬಿಂಬದ ಸನ್ನಿಧಿಯಲ್ಲಿ, ಕೈಮುಗಿದು ಕುಳಿತಿರುವ ಚಿತ್ರ. ಇವೇ ನಮ್ಮ ವೀರಗಲ್ಲುಗಳು. ಹೊಯ್ಸಳರ ಮೂಲಸ್ಥಾನವೆಂದು ಹೇಳಲಾಗುವ ಸೊಸೆವೂರು, ಎಂದರೆ ಇಂದಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನಲ್ಲಿಯೇ ಇರುವುದರಿಂದ, ಈ ನಾಡಿನ ಕಲ್ಲುಗಳಿಗೆ ರಾಜ್ಯವೊಂದರ ಹುಟ್ಟಿನಷ್ಟು ಹಿಂದಿನ ನೆನಪುಂಟು. ಬಿ. ಎಲ್. ರೈಸರು ೧೯೦೧ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಸಂಪುಟವನ್ನು ತಿರುವಿಹಾಕಿದರೆ, ಅರಸರ ದಾನಶಾಸನಗಳ ನಡುನಡುವೆ ಇಂತಹ ಸಾಮಾನ್ಯ ವೀರರ ಹೆಸರುಗಳೂ ಬಂದುಹೋಗುತ್ತವೆ.

ಆ ವೀರರು ಸತ್ತುದು ಯಾತಕ್ಕಾಗಿ ಎಂಬುದನ್ನು ಶಾಸನಗಳು ಮುಚ್ಚಿಡದೆ ಹೇಳುತ್ತವೆ. ತುಱುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮೂರು ಮಾತುಗಳು ಮತ್ತೆ ಮತ್ತೆ ಬರುವುವು. ಕಳ್ಳರು ಹಿಡಿದುಕೊಂಡು ಹೋಗುತ್ತಿದ್ದ ದನಗಳನ್ನು ಮರಳಿಸುವಾಗ, ಊರಿಗೆ ಬೆಂಕಿಯಿಟ್ಟವರನ್ನು ಅಡ್ಡಗಟ್ಟುವಾಗ, ಹೆಂಗಸರ ಮಾನವನ್ನು ಕಾಯುವಾಗ ಪ್ರಾಣವನ್ನು ಕೊಟ್ಟವರೇ ಅವರಲ್ಲಿ ಬಹುಮಂದಿ. ಸತ್ತವನ ಮನೆಯವರಿಗೆ ಊರಾಗಲಿ, ಒಡೆಯನಾಗಲಿ ಭೂಮಿಯನ್ನು ಬಿಡುವುದು ವಾಡಿಕೆಯಾಗಿದ್ದಿತು. ಅದನ್ನು ನೆತ್ತರುಗೊಡಗೆ ಎಂದೂ, ಬಾಳ್ಗಳ್ಚು ಎಂದೂ, ಕಲ್ನಾಡು ಎಂದೂ ಕರೆದರು.

ಆದುದರಿಂದ ವೀರಗಲ್ಲಿಗೆ ಮೂರು ಲಕ್ಷಣಗಳುಂಟೆಂದು ಹೇಳಬಹುದು. ಅದು ಸತ್ತವನ ಊರಿನಲ್ಲಿ ನಿಲ್ಲುತ್ತದೆ. ಅದರ ಮೇಲಿನ ಮಾತು ಅವನ ತಾಯಿಯ ಮಾತು. ಅದರ ಬೆನ್ನಿಗೆ ಅವನ ಮನೆಯವರ ಹೊಟ್ಟೆಗೆ ಒಂದಿಷ್ಟು ನೆಲ. ಈ ಮೂರೂ ಇಲ್ಲದ ವೀರಗಲ್ಲುಗಳು ಕನ್ನಡನಾಡಿನವರಿಗೆ ಇವೆಯೆಂದರೆ ಕೇಳಿದವರು ಬೆರಗಾಗಬಹುದು. ಆದರೆ ಇವೆ. ಮೈಸೂರು ಸಂಸ್ಥಾನದ ಸವಾರರ ನೆನಪನ್ನು ಹೊತ್ತ ಕಲ್ಲುಗಳು ಕಡಲಾಚೆ, ಯೆಹೂದ್ಯರಿಗೂ ಕ್ರೈಸ್ತರಿಗೂ ಮುಸಲ್ಮಾನರಿಗೂ ಪವಿತ್ರವಾದ ನಾಡಿನಲ್ಲಿ, ಕಾರ್ಮೆಲ್ ಎಂಬ ಬೆಟ್ಟದ ತಪ್ಪಲಿನ ಹೈಫ ನಗರದಲ್ಲಿ, ಒಂದು ನೂರು ವರ್ಷಗಳಿಂದ ನಿಂತಿವೆ. ಅವರ ವೃತ್ತಾಂತವು ನಮ್ಮ ಜನಕ್ಕೆ ತಿಳಿದಿರುವುದು ಬಹಳ ಸ್ವಲ್ಪ.

೨

ಮೈಸೂರಿನ ಕುದುರೆಯ ದಳಕ್ಕೆ ಹಳೆಯ ಹೆಸರಿದೆ. ೧೭೯೯ರ ಬಳಿಕ ಒಡೆಯರ ಮನೆತನಕ್ಕೆ ರಾಜ್ಯವು ಮರಳಿ ಬಂದಾಗ, ಸ್ವಂತ ಕುದುರೆಯನ್ನು ತಂದು ಸೇವೆಗೆ ನಿಲ್ಲುತ್ತಿದ್ದ ಸಿಲ್ಹೇದಾರರೇ ಸಂಸ್ಥಾನದ ಅಶ್ವಬಲವಾಗಿದ್ದರು. ೧೮೦೩ರ ಮರಾಠ ಯುದ್ಧದಲ್ಲಿ ಇವರು ವೆಲ್ಲೆಸ್ಲಿಯ ಸೈನ್ಯದ ಸಂಗಡ ಹೋಗಿದ್ದರು. ೧೮೦೭ರ ಒಪ್ಪಂದದಂತೆ ನಾಲ್ಕು ಸಾವಿರ ಸವಾರರನ್ನು ಸಾಕಿ ಬ್ರಿಟಿಷರ ಅಗತ್ಯಕ್ಕೆ ಒದಗಿಸುವ ಹೊಣೆಯು ಸಂಸ್ಥಾನದ ಮೇಲೆ ಬಿದ್ದಿತು. ಆ ಶತಮಾನದ ಕೊನೆಯಲ್ಲಿ, ದೇಶೀಯ ಸಂಸ್ಥಾನಗಳು ತಮ್ಮ ಸೈನ್ಯದ ಒಂದು ಭಾಗವನ್ನು ಸಾಮ್ರಾಜ್ಯದ ಸೇವೆಗೆಂದು ಶಿಕ್ಷಣ ಕೊಟ್ಟು ಸಿದ್ಧವಾಗಿಡಬೇಕೆಂಬ ಏರ್ಪಾಡು ಜಾರಿಗೆ ಬಂದಾಗ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ೧೮೯೨ರಲ್ಲಿ, ಭಲ್ಲೆಯ ಸವಾರರ ದಳವೊಂದು ಹೊಸದಾಗಿ ರೂಪುಗೊಂಡಿತು. ಇದೇ ಮೈಸೂರು ಲಾನ್ಸರ್ಸ್ ಎಂದು ಹೆಸರಾದ ದಳ. ಮುಸಲ್ಮಾನರು, ಮರಾಠರು, ಅರಸು ಮನೆತನದವರು ಒಂದೇ ಲಾಯದಲ್ಲಿ ಕುದುರೆ ಕಟ್ಟಿ, ಒಂದೇ ಕಹಳೆಗೆ ಎದ್ದು ನಿಲ್ಲುತ್ತಿದ್ದ ದಳ ಅದು.

೧೯೧೪ರ ಆಗಸ್ಟಿನಲ್ಲಿ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಆಗ ಮೈಸೂರನ್ನಾಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನರು ಸರ್ ಎಂ. ವಿಶ್ವೇಶ್ವರಯ್ಯನವರು. ಸಂಸ್ಥಾನವು ಯುದ್ಧನಿಧಿಗೆ ಐವತ್ತು ಲಕ್ಷ ರೂಪಾಯಿಗಳನ್ನು ಕೊಟ್ಟಿತು. ಅದರೊಡನೆ ತನ್ನ ಸವಾರರನ್ನೂ ಕಳುಹಿಸಿಕೊಟ್ಟಿತು. ಅಕ್ಟೋಬರ್ ತಿಂಗಳಲ್ಲಿ ದಳವು ಬೆಂಗಳೂರನ್ನು ಬಿಟ್ಟು ಹೊರಟು, ಕುದುರೆಗಳ ಸಮೇತ ಹಡಗೇರಿ ಈಜಿಪ್ಟ್ ದೇಶವನ್ನು ಸೇರಿತು. ಹೋದವರು ಮರಳಿ ಬಂದುದು ೧೯೨೦ರಲ್ಲಿ. ಐದು ವರ್ಷಗಳಿಗೆ ಮಿಕ್ಕಿ ಅವರು ಮರಳಿನಲ್ಲಿಯೂ ಕಲ್ಲುಬೆಟ್ಟಗಳಲ್ಲಿಯೂ ದಿನ ಕಳೆದರು. ಹನ್ನೆರಡು ತಿಂಗಳಲ್ಲಿ ಐದು ತಿಂಗಳು ಮಳೆಯನ್ನು ಕಾಣುವ ಕಳಸ ಮೂಡಿಗೆರೆಗಳ ಜನಕ್ಕೆ, ಕುದುರೆಗೆ ಒಂದು ಬೊಗಸೆ ನೀರು ಸಿಕ್ಕಿದರೆ ಅದೇ ಹಬ್ಬವಾಗಿದ್ದ ಆ ಬಾಳನ್ನು ಊಹಿಸಿಕೊಳ್ಳುವುದೂ ಕಷ್ಟ.

ಆದರೂ ಆ ನಾಡು ಈ ಬೆಟ್ಟಗಳಿಗೆ ಪೂರ್ತಿ ಹೊರಗಲ್ಲ. ಹಜ್ಜಿಗೆ ಹೋದ ಬಾಬಾಬುಡನ್ ಎಂಬ ಸಾಧುವು ಅರಬ್ಬರ ಸೀಮೆಯಿಂದ ಏಳು ಕಾಫಿಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದ ಮೇಲೆ ನೆಟ್ಟನೆಂದು ಐತಿಹ್ಯವಿದೆ. ಇಂದು ಜಿಲ್ಲೆಗೆ ಅನ್ನವನ್ನು ಕೊಡುವ ಬೆಳೆಯು ಆ ದಿಕ್ಕಿನಿಂದ ಬಂದುದು. ಒಂದು ಕಾಲದಲ್ಲಿ ಅಲ್ಲಿಂದ ಬೀಜವು ಬಂದಿತು. ಇನ್ನೊಂದು ಕಾಲದಲ್ಲಿ ಇಲ್ಲಿಂದ ಅತ್ತ ಮೈಸೂರಿನ ಮಕ್ಕಳು ಹೋದರು. ಬೀಜವು ಬೇರೂರಿ ನಿಂತಿತು. ಮಕ್ಕಳಲ್ಲಿ ಕೆಲವರೂ ಅಲ್ಲಿಯೇ ನಿಂತರು.

ದಳದ ಮೊದಲ ಕೆಲಸ ಸೂಯೆಜ್ ಕಾಲುವೆಯ ಕಾವಲು. ೧೯೧೫ರ ಫೆಬ್ರವರಿಯ ಮೊದಲ ವಾರದಲ್ಲಿ ತುರ್ಕರು ಸೈನಾ ಮರುಭೂಮಿಯನ್ನು ದಾಟಿ ಬಂದು ಕಾಲುವೆಯನ್ನು ಹಿಡಿಯಲು ಯತ್ನಿಸಿ ಹಿಮ್ಮೆಟ್ಟಿದರು. ಮುಂದೆ ಬ್ರಿಟಿಷ್ ಸೈನ್ಯವೇ ಆ ಮರುಭೂಮಿಯನ್ನು ದಾಟಿ ಪ್ಯಾಲೆಸ್ಟೈನಿನ ಬಾಗಿಲಾದ ಗಾಜಾಕ್ಕೆ ಮುತ್ತಿಗೆ ಹಾಕಿತು. ಎರಡು ಸಲ ಸೋತು, ಮೂರನೆಯ ಸಲ, ೧೯೧೭ರ ನವೆಂಬರ್ ೭ರಂದು, ಗಾಜಾ ಪಟ್ಟಣವು ಕೈಸೇರಿತು. ಆ ಡಿಸೆಂಬರಿನಲ್ಲಿ ಜೆರೂಸಲೇಮು ಶರಣಾಯಿತು. ೧೯೧೮ರ ಬೇಸಗೆಯನ್ನು ಸವಾರರು ಜೋರ್ಡನ್ ಕಣಿವೆಯಲ್ಲಿ ಕಳೆದರು. ಸಮುದ್ರಮಟ್ಟಕ್ಕಿಂತಲೂ ಸಾವಿರ ಅಡಿ ಕೆಳಗಿರುವ ಆ ತಗ್ಗಿನಲ್ಲಿ ಶತ್ರುವಿಗಿಂತ ಬಿಸಿಲೂ ಧೂಳೂ ಸೊಳ್ಳೆಯೂ ಹೆಚ್ಚು ಜನರನ್ನು ಹಣ್ಣುಮಾಡಿದುವು.

೩

ಆ ವರ್ಷ ಮೈಸೂರು, ಜೋಧಪುರ, ಹೈದರಾಬಾದು ಈ ಮೂರು ಸಂಸ್ಥಾನಗಳ ಭಲ್ಲೆಯ ದಳಗಳು ಕೂಡಿ ಹದಿನೈದನೆಯ ಅಶ್ವಬ್ರಿಗೇಡ್ ಎನಿಸಿಕೊಂಡು ಜನರಲ್ ಹಾರ್ಬರ್ಡನ ಅಧೀನದಲ್ಲಿದ್ದುವು. ಸೆಪ್ಟೆಂಬರ್ ೧೯ರಂದು ಸೇನಾಪತಿ ಅಲೆನ್‌ಬಿಯು ತುರ್ಕರ ಸಾಲನ್ನು ಕಡಲ ಬದಿಯಲ್ಲಿ ಮುರಿದು, ಸವಾರರನ್ನು ಆ ಬಿರುಕಿನಲ್ಲಿ ನುಗ್ಗಿಸಿದನು. ತುರ್ಕರ ಎರಡು ಸೇನೆಗಳು ಕೆಲವೇ ದಿನಗಳಲ್ಲಿ ಚೆದರಿಹೋದುವು. ಆದರೆ ಉತ್ತರಕ್ಕೆ ಬೆನ್ನಟ್ಟಿ ಹೋಗುತ್ತಿದ್ದ ಸೈನ್ಯಕ್ಕೆ ಅನ್ನವೂ ಮೇವೂ ಮದ್ದುಗುಂಡೂ ಬರಬೇಕಾದರೆ ಕಡಲ ತೀರದಲ್ಲಿ ಒಂದು ರೇವು ಬೇಕಾಗಿದ್ದಿತು. ಹೈಫವು ಅಂತಹ ರೇವು. ಅದಕ್ಕಾಗಿಯೇ ಅದನ್ನು ಹಿಡಿಯಬೇಕಾಯಿತು.

ಹೈಫದ ನೆಲೆಯನ್ನು ತಿಳಿದುಕೊಂಡರೆ ಆ ದಿನದ ಕಾರ್ಯದ ಕಾಠಿಣ್ಯವು ಗೊತ್ತಾಗುತ್ತದೆ. ಊರಿನ ಬೆನ್ನಿಗೆ ಕಾರ್ಮೆಲ್ ಬೆಟ್ಟ. ೬೩೦೦ ಅಡಿಗಳ ಮುಳ್ಳಯ್ಯನಗಿರಿಯನ್ನು ದಿನವೂ ನೋಡುವವರ ಕಣ್ಣಿಗೆ ಅದು ದಿಬ್ಬವೆಂದೇ ತೋರೀತು. ಅದರ ಅತ್ಯುನ್ನತವಾದ ಭಾಗವೂ ೧೮೦೦ ಅಡಿಗಳನ್ನು ಮೀರದು. ಆದರೆ ಅದರ ಮೈಯೆಲ್ಲ ಕಡಿದಾದ ಕಲ್ಲು. ಬೆಟ್ಟದ ಬುಡದಲ್ಲಿ ಊರಿಗೆ ಹೋಗುವ ಒಂದೇ ಹಾದಿ. ಹಾದಿಯ ಮತ್ತೊಂದು ಮಗ್ಗುಲಲ್ಲಿ ಕಿಶೋನ್ ಎಂಬ ಹೊಳೆ ಮತ್ತು ಅದರ ಜೌಗು. ಬೆಟ್ಟದ ಮೇಲೆ ತುರ್ಕರ ಫಿರಂಗಿಗಳು, ಇಳಿಜಾರಿನಲ್ಲಿ ಯಂತ್ರಬಂದೂಕುಗಳು. ಹಿಂದಿನ ದಿನ, ೨೨ರಂದು, ಕವಚದ ಮೋಟಾರುಗಳಲ್ಲಿ ಹೋಗಿ ನೋಡಿದವರು ಈ ಫಿರಂಗಿಗಳ ಉರಿಗೆ ಸಿಕ್ಕಿ ಹಿಂದಿರುಗಿದ್ದರು.

೧೯೧೮ರ ಸೆಪ್ಟೆಂಬರ್ ೨೩, ಸೋಮವಾರ. ಬೆಳಗಿನ ಜಾವದಲ್ಲಿಯೇ ಹೊರಟ ಬ್ರಿಗೇಡು ಹತ್ತು ಗಂಟೆಯ ಸುಮಾರಿಗೆ ಶತ್ರುವಿನ ಫಿರಂಗಿಗಳ ಎಟುಕಿಗೆ ಬಂದಿತು. ಹೈದರಾಬಾದಿನ ದಳವು ಸೆರೆಯಾಳುಗಳನ್ನು ಹಿಂದಕ್ಕೆ ಸಾಗಿಸುವ ಕೆಲಸದಲ್ಲಿದ್ದುದರಿಂದ, ಕಾಳಗದ ಭಾರವು ಮೈಸೂರು ಮತ್ತು ಜೋಧಪುರದವರ ಮೇಲೆಯೇ ಬಿದ್ದಿತು. ಹೀಗೆ ಏರ್ಪಾಡಾಯಿತು: ಮೈಸೂರಿನ ಒಂದು ತುಕಡಿಯು ಕಾರ್ಮೆಲ್ ಬೆಟ್ಟವನ್ನು ಹತ್ತಿ ಮೇಲಿನ ಫಿರಂಗಿಗಳನ್ನು ಸುಮ್ಮನಾಗಿಸಬೇಕು, ಉಳಿದ ಮೈಸೂರಿನವರು ಮೂಡಣ ಕಡೆಯಿಂದ ಗುಂಡುಹಾರಿಸುತ್ತ ಶತ್ರುವಿನ ಗಮನವನ್ನು ಹಿಡಿದಿಡಬೇಕು, ಆಗ ಜೋಧಪುರದವರು ಬಯಲಿನಲ್ಲಿ ನುಗ್ಗಿ ಊರೊಳಗೆ ಹೋಗಬೇಕು.

ಬೆಟ್ಟಕ್ಕೆ ಹೋದ ತುಕಡಿಗೆ ದಾರಿಯೆಂಬುದಿರಲಿಲ್ಲ. ಮೇಕೆಗಳು ತುಳಿದ ಜಾಡುಗಳು ಮಾತ್ರ ಇದ್ದುವು. ಕುದುರೆಗಳನ್ನು ಕೈಹಿಡಿದು ನಡಸುತ್ತ, ಜಾರುವ ಕಲ್ಲಿನ ಮೇಲೆ ಗೊರಸು ಊರಿಸುತ್ತ, ಕೆಲವು ಕುದುರೆಗಳನ್ನು ಆ ಹಾದಿಯಲ್ಲಿಯೇ ಬಿಟ್ಟು, ಸವಾರರು ಮೇಲೇರಿದರು. ಇಂಗ್ಲಿಷ್ ಸವಾರರ ತುಕಡಿಯೊಂದನ್ನು ಬಳಿಕ ಅವರ ನೆರವಿಗೆ ಕಳುಹಿಸಲಾಯಿತು. ಆದರೆ ಅದು ಬಂದು ಸೇರುವವರೆಗೂ ಮೈಸೂರಿನವರು ಕಾಯಲಿಲ್ಲ. ಕೆಲವರು ಇಳಿದು ಗುಂಡುಹಾರಿಸುತ್ತಿದ್ದಂತೆ, ಮಿಕ್ಕ ಕೆಲವರೇ ಸವಾರರು ಭಲ್ಲೆಗಳನ್ನು ಮುಂದೆ ಚಾಚಿ ಫಿರಂಗಿಗಳ ಮೇಲೆಯೇ ಬಿದ್ದರು. ಬೆಟ್ಟದ ಫಿರಂಗಿಗಳು ಅವರ ವಶವಾದುವು. ಅವುಗಳಲ್ಲಿ ಹಡಗಿನಲ್ಲಿಡುವಂತಹ ಭಾರಿಯ ಫಿರಂಗಿಗಳೂ ಇದ್ದುವು.

ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಹೊರಟರು. ಹೊಳೆಯನ್ನು ದಾಟಬೇಕೆಂದು ನೋಡಿದರೆ ದಡವೆಲ್ಲ ಉಸುಬು. ಮುಂದಿನ ಕುದುರೆಗಳು ಹೂತುಹೋದುವು. ಯಂತ್ರಬಂದೂಕುಗಳ ಸುರಿಮಳೆಯ ನಡುವೆ ದಳವು ಎಡಕ್ಕೆ ಹೊರಳಿ, ಬೆಟ್ಟದ ಬುಡದ ಬಂದೂಕುಗಳನ್ನು ಮೊದಲು ತುಳಿದುಹಾಕಿ, ಬಳಿಕ ಹಾದಿಯನ್ನು ಹಿಡಿದು ನಾಗಾಲೋಟದಲ್ಲಿ ಊರನ್ನು ಹೊಕ್ಕಿತು. ಅವರ ನಾಯಕನಾದ ಮೇಜರ್ ದಳಪತ ಸಿಂಹನು ಆ ಕಾಳಗದಲ್ಲಿ ಮಡಿದನು. ಅವರ ಬೆನ್ನಹಿಂದೆಯೇ ಮೈಸೂರಿನವರೂ ಊರೊಳಕ್ಕೆ ನುಗ್ಗಿದರು. ಸಂಜೆಯ ಹೊತ್ತಿಗೆ ಹೈಫವು ಕೈಸೇರಿದ್ದಿತು. ಸೆರೆಸಿಕ್ಕಿದವರು ಸುಮಾರು ೧೩೫೦ ಮಂದಿ.

ಯಂತ್ರಬಂದೂಕುಗಳೂ ಫಿರಂಗಿಗಳೂ ಕಾಯುತ್ತಿದ್ದ ಊರೊಂದನ್ನು ಕುದುರೆಯ ಸವಾರರು ಭಲ್ಲೆ ಕತ್ತಿಗಳಿಂದ ಓಟದಲ್ಲಿಯೇ ಹಿಡಿದುದು ಯುದ್ಧಚರಿತ್ರೆಯಲ್ಲಿ ಅತ್ಯಪೂರ್ವವೆಂದು ಬಲ್ಲವರು ಬರೆದಿದ್ದಾರೆ. ಅದಕ್ಕೆ ತೆತ್ತ ಬೆಲೆಯು, ಆ ಮಹಾಯುದ್ಧದ ಅಳತೆಯಲ್ಲಿ, ಸ್ವಲ್ಪವೇ. ಬ್ರಿಗೇಡಿನಲ್ಲಿ ಆ ದಿನ ಸತ್ತವರು ಹತ್ತು ಮಂದಿಗೂ ಕಡಿಮೆ. ಗಾಯಗೊಂಡವರು ೩೪ ಮಂದಿ. ಕುದುರೆಗಳು ಮಾತ್ರ ೬೦ ಸತ್ತುವು, ೮೩ ಗಾಯಗೊಂಡುವು. ಸವಾರನಿಗೆ ಬರಬೇಕಾದ ಗುಂಡನ್ನು ಕುದುರೆಯು ಎದೆಯೊಡ್ಡಿ ತಾಳಿಕೊಂಡಿತೆಂದೇ ಇದರ ಅರ್ಥ. ಕನ್ನಡನಾಡಿನಲ್ಲಿ ಹತ್ತನೆಯ ಶತಮಾನದ ಆತಕೂರಿನ ಕಲ್ಲು ಕಾಳಿ ಎಂಬ ಬೇಟೆನಾಯಿಯ ಸಾವನ್ನು ನೆನೆದು ಅದರ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟುದನ್ನು ಹೇಳುತ್ತದೆ. ಹೈಫದ ಆ ಅರುವತ್ತು ಕುದುರೆಗಳ ಹೆಸರುಗಳನ್ನು ಯಾವ ಕಲ್ಲೂ ಹೇಳದು.

೪

ಹೈಫದ ಹೆಸರು ಈಗ ಅಷ್ಟಿಷ್ಟು ಜನರ ಕಿವಿಗೆ ಬಿದ್ದಿದೆ. ಆದರೆ ಮೈಸೂರಿನ ದಳಕ್ಕೆ ಅದಕ್ಕಿಂತ ಹೆಚ್ಚು ನೆತ್ತರು ಹರಿದ ದಿನ ಬೇರೊಂದು. ಅದನ್ನು ನೆನೆಯುವವರು ಇನ್ನೂ ವಿರಳ.

ಹೈಫದಿಂದ ಹೊರಟ ಸವಾರರು ಉತ್ತರಕ್ಕೆ ನಡೆದರು. ಅಕ್ಟೋಬರ್ ೧ರಂದು ದಮಾಸ್ಕಸ್ ನಗರವು ಬಿದ್ದಿತು. ಅಲ್ಲಿ ಸೈನ್ಯಕ್ಕೆ ಮತ್ತೊಂದು ಶತ್ರುವಿನ ಭೇಟಿಯಾಯಿತು. ಜೋರ್ಡನ್ ಕಣಿವೆಯಿಂದ ಮೈಯಲ್ಲಿ ಹೊತ್ತು ತಂದ ಮಲೇರಿಯವೂ, ಆ ವರ್ಷ ಭೂಮಂಡಲವನ್ನೆಲ್ಲ ಹರಿದು ತಿಂದ ಇನ್‌ಫ್ಲುಯೆಂಜವೂ ಒಂದಾಗಿ ಸವಾರರನ್ನು ಸಾಲುಸಾಲಾಗಿ ಕೆಡವಿದುವು. ಆ ದಂಡಯಾತ್ರೆಯ ಕೊನೆಯ ವಾರಗಳಲ್ಲಿ ಗುಂಡಿಗಿಂತ ಜ್ವರದಿಂದ ಸತ್ತವರೇ ಹೆಚ್ಚು. ಮಲೆನಾಡಿನ ಜನಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅದೇ ಕಾಲದಲ್ಲಿ ಕಾಫಿತೋಟಗಳ ಕೂಲಿಲೈನುಗಳಲ್ಲಿಯೂ ಚಳಿಜ್ವರವು ವರ್ಷವರ್ಷವೂ ತನ್ನ ಕಪ್ಪವನ್ನು ಎತ್ತುತ್ತಿದ್ದಿತು.

ಅಕ್ಟೋಬರ್ ೨೬ರ ಬೆಳಿಗ್ಗೆ ಅಲೆಪ್ಪೊ ನಗರವು ವಶವಾಯಿತು. ಸೆಪ್ಟೆಂಬರ್ ೧೯ರಿಂದ ಅಲ್ಲಿಯವರೆಗೆ ಆ ಸವಾರರು ೫೦೦ ಮೈಲಿಗಳಿಗೆ ಮೀರಿ ನಡೆದಿದ್ದರು. ನಗರದ ವಾಯವ್ಯಕ್ಕೆ ಹರಿತಾನ್ ಎಂಬ ಹಳ್ಳಿ. ಅದರ ಬಳಿ ತುರ್ಕರ ಹಿಂದಳವು ಹೊಂಚುಹಾಕಿ ನಿಂತಿದ್ದಿತು. ಆ ಸೈನ್ಯದ ಅಧಿಪತಿಯು ಮುಂದೆ ೧೯೨೩ರಲ್ಲಿ ತುರ್ಕಿ ಗಣರಾಜ್ಯವನ್ನು ಸ್ಥಾಪಿಸಿದ ಮುಸ್ತಫಾ ಕೆಮಾಲನೇ. ಇದಿರಿನವರು ಎಷ್ಟು ಮಂದಿ ಎಂಬುದನ್ನರಿಯದೆ ಮೈಸೂರಿನ ಸವಾರರೂ ಜೋಧಪುರದವರೂ ಅವರ ಮೇಲೆ ಏರಿಹೋದರು. ಶತ್ರುಗಳು ಹಲವು ಮಡಿ ಹೆಚ್ಚಾಗಿದ್ದರು. ಏರಿಹೋದವರು ಹಿಮ್ಮೆಟ್ಟಬೇಕಾಯಿತು. ಸತ್ತವರನ್ನೂ ಗಾಯಗೊಂಡವರನ್ನೂ ಕೂಡಿಸಿದರೆ ಬ್ರಿಗೇಡಿಗೆ ಸುಮಾರು ೮೦ ಮಂದಿಯ ನಷ್ಟ. ಇರುಳಾದ ಮೇಲೆ ತುರ್ಕರು ತಾವಾಗಿಯೇ ಹಿಂದೆ ಸರಿದರು.

ಇದು ಆ ರಣರಂಗದ ಕಡೆಯ ಕಾಳಗ. ಇದಾದ ನಾಲ್ಕನೆಯ ದಿನ, ಅಕ್ಟೋಬರ್ ೩೦ರಂದು, ಮುದ್ರೋಸ್ ಎಂಬಲ್ಲಿ ತುರ್ಕರೊಡನೆ ಯುದ್ಧವಿರಾಮದ ಪತ್ರಕ್ಕೆ ರುಜುವಾಯಿತು. ಮರುದಿನ ಮಧ್ಯಾಹ್ನದಿಂದ ಬಂದೂಕುಗಳು ಸುಮ್ಮನಾದುವು. ನಾಲ್ಕು ವರ್ಷಗಳ ಕಾಲ ಮರುಭೂಮಿಯನ್ನೂ ಫಿರಂಗಿಯನ್ನೂ ಜ್ವರವನ್ನೂ ಗೆದ್ದು ಉಳಿದಿದ್ದ ಮನುಷ್ಯನು ಶಾಂತಿಗೆ ನಾಲ್ಕು ದಿನ ಮಾತ್ರ ಉಳಿದಿದ್ದಾಗ ಹರಿತಾನಿನ ಬಯಲಿನಲ್ಲಿ ಬಿದ್ದನು. ಅವನ ಮನೆಗೆ ಶಾಂತಿಯ ಸುದ್ದಿಯೂ ಸಾವಿನ ಸುದ್ದಿಯೂ ಹೆಚ್ಚು ಅಂತರವಿಲ್ಲದೆ ಬಂದಿರಬೇಕು.

೫

ಸತ್ತವರ ದೇಹಗಳು ಏನಾದುವು? ಹಿಂದೂ ಸೈನಿಕರಿಗೆ ಅಗ್ನಿಸಂಸ್ಕಾರ, ಮುಸಲ್ಮಾನ ಸೈನಿಕರಿಗೆ ಭೂಸಂಸ್ಕಾರ ಎಂಬುದು ಸೈನ್ಯದ ನಿಯಮ. ಆದುದರಿಂದ ಪರದೇಶದ ಯುದ್ಧಶ್ಮಶಾನಗಳಲ್ಲಿ ಹಿಂದೂ ಸೈನಿಕನ ಹೆಸರುಳ್ಳ ಕಲ್ಲಿನ ಕೆಳಗೆ ಸಾಮಾನ್ಯವಾಗಿ ದೇಹವಿರುವುದಿಲ್ಲ; ಅವನ ಬೂದಿಯು ಎಂದೋ ಆ ಮಣ್ಣಿನಲ್ಲಿಯೋ ನೀರಿನಲ್ಲಿಯೋ ಬೆರೆತುಹೋಗಿದೆ. ಇಂಗ್ಲೆಂಡಿನಲ್ಲಿ ಬ್ರೈಟನ್ ಪಟ್ಟಣದ ಹೊರಗೆ ೫೩ ಮಂದಿ ಹಿಂದೂ ಸಿಖ್ ಸೈನಿಕರನ್ನು ದಹಿಸಿದ ಸ್ಥಳದಲ್ಲಿ ಅಮೃತಶಿಲೆಯ ಛತ್ರಿಯೊಂದನ್ನು ಕಟ್ಟಿ ೧೯೨೧ರಲ್ಲಿ ಅನಾವರಣ ಮಾಡಿದರು. ಹೈಫದಲ್ಲಿಯೂ ಭಾರತೀಯರಿಗೆಂದೇ ಪ್ರತ್ಯೇಕವಾದ ಶ್ಮಶಾನವಿದೆ. ಅಲ್ಲಿ ನೆನೆಯಲ್ಪಡುವವರೆಲ್ಲರೂ ಸೆಪ್ಟೆಂಬರ್ ೨೩ರ ಒಂದೇ ಹಗಲಿನಲ್ಲಿ ಮಡಿದವರೆಂದು ತಿಳಿಯುವುದು ಸರಿಯಲ್ಲ. ಉತ್ಸವದ ಭಾಷಣಗಳಲ್ಲಿ ಆ ದಿನದ ಸಾವಿನ ಲೆಕ್ಕವು ಹಲವು ಪಾಲು ಬೆಳೆದುಬಿಡುವುದುಂಟು. ಲೆಕ್ಕವನ್ನು ಬೆಳೆಸಿದರೆ ಸತ್ತವರ ಗೌರವವು ಬೆಳೆಯುವುದಿಲ್ಲ. ಜ್ವರದಿಂದ ಸತ್ತ ಸವಾರನನ್ನು ಮರೆಯುವುದಕ್ಕೆ ಅದು ದಾರಿಯಾಗುತ್ತದೆ.

ಈ ಶ್ಮಶಾನಗಳನ್ನು ನೋಡಿಕೊಳ್ಳುವ ಸಂಸ್ಥೆಯು ಸಾಮ್ರಾಜ್ಯ ಯುದ್ಧಸಮಾಧಿ ಆಯೋಗವೆಂಬ ಹೆಸರಿನಿಂದ ೧೯೧೭ರ ಮೇ ೨೧ರಂದು ಲಂಡನ್ನಿನಲ್ಲಿ ಸ್ಥಾಪಿತವಾಯಿತು. ೧೯೬೦ರಿಂದ ಅದರ ಹೆಸರು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ. ಇದರ ಮೂಲಸೂತ್ರವು ನಿಜವಾಗಿಯೂ ಉದಾತ್ತವಾದುದು. ಮಡಿದವನು ಜನರಲ್ಲಾಗಲಿ ಕುದುರೆಯ ಮೈತಿಕ್ಕುವ ಆಳಾಗಲಿ, ಬಿಳಿಯನಾಗಲಿ ಕರಿಯನಾಗಲಿ, ಯಾವ ಮತದವನೇ ಆಗಲಿ, ಎಲ್ಲರಿಗೂ ಒಂದೇ ಬಗೆಯ ಗೌರವ, ಒಂದೇ ಅಳತೆಯ ಕಲ್ಲು ಎಂಬುದೇ ಆ ಸೂತ್ರ. ಆ ಯುದ್ಧದಲ್ಲಿ ಪ್ರಾಣ ತೆತ್ತ ೭೪,೦೦೦ಕ್ಕೆ ಮೇಲ್ಪಟ್ಟ ಭಾರತೀಯ ಸೈನಿಕರನ್ನು ಈ ಆಯೋಗವು ತನ್ನ ಪಟ್ಟಿಯಲ್ಲಿ ಸೇರಿಸಿದೆ.

ಸೂತ್ರವು ಉದಾತ್ತವಾಗಿದ್ದರೂ ಆಚರಣೆಯು ಅದರ ಮಟ್ಟಕ್ಕೆ ಏರಲಿಲ್ಲ. ಮೆಸೊಪೊಟೇಮಿಯದಲ್ಲಿ, ಎಂದರೆ ಇಂದಿನ ಇರಾಕಿನಲ್ಲಿ, ಮಡಿದವರಿಗಾಗಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕದ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನೆಲ್ಲ ಕೊರೆದರು; ಭಾರತೀಯರಲ್ಲಿ ಅಧಿಕಾರಿಗಳ ಹೆಸರುಗಳನ್ನು ಮಾತ್ರ ಕೊರೆದು, ಉಳಿದವರನ್ನು ದಳಕ್ಕೆ ಇಷ್ಟು ಮಂದಿ ಎಂದು ಎಣಿಕೆಯಿಂದ ಮುಗಿಸಿದರು. ಈ ಮಾತನ್ನು ಹೊರಗಿನವರಾರೋ ಹೊರಿಸಿದ ದೂರೆಂದು ಎಣಿಸಬೇಕಾಗಿಲ್ಲ. ೨೦೨೧ರಲ್ಲಿ ಆಯೋಗದ ವಿಶೇಷ ಸಮಿತಿಯೇ ತನ್ನ ವರದಿಯಲ್ಲಿ ತಪ್ಪನ್ನು ಒಪ್ಪಿಕೊಂಡಿತು. ಆಫ್ರಿಕ ಮತ್ತು ಏಷ್ಯಗಳ ೪೫,೦೦೦ದಿಂದ ೫೪,೦೦೦ ಮಂದಿಯನ್ನು ಅಸಮಾನವಾಗಿ ನೆನೆಯಲಾಗಿದೆಯೆಂದೂ, ಕಡಿಮೆಯೆಂದರೆ ೧,೧೬,೦೦೦, ಪ್ರಾಯಶಃ ೩,೫೦,೦೦೦ದವರೆಗೂ ಮಂದಿಯನ್ನು ಹೆಸರಿಟ್ಟು ನೆನೆದೇ ಇಲ್ಲವೆಂದೂ ಅದು ಹೇಳಿ, ಕ್ಷಮೆಯನ್ನು ಬೇಡಿತು.

ಕಲ್ಲಿಗೂ ಆಯುಸ್ಸಿದೆಯೆಂಬುದಕ್ಕೆ ಸೂಯೆಜ್ ಕಾಲುವೆಯ ದಕ್ಷಿಣದ ಬಾಯಿಯಲ್ಲಿ ನಿಂತಿದ್ದ ಸ್ಮಾರಕವೇ ಸಾಕ್ಷಿ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನುಗಳಲ್ಲಿ ಮಡಿದು ಗೋರಿಯಿಲ್ಲದೆ ಹೋದ ಸುಮಾರು ನಾಲ್ಕು ಸಾವಿರ ಭಾರತೀಯ ಸೈನಿಕರ ಹೆಸರಿನಲ್ಲಿ ೧೯೨೬ರಲ್ಲಿ ಪೋರ್ಟ್ ತೌಫೀಕಿನಲ್ಲಿ ಅದನ್ನು ನಿಲ್ಲಿಸಿದರು. ಅದರ ಬುಡದಲ್ಲಿ ಎರಡು ಹುಲಿಗಳ ಶಿಲ್ಪಗಳಿದ್ದುವು. ಕಾಲುವೆಯನ್ನು ಹಾದು ಊರಿಗೆ ಮರಳುವ ಪ್ರತಿಯೊಂದು ಹಡಗಿನವರಿಗೂ ಅದು ಕಾಣುವಂತಿದ್ದಿತು. ೧೯೬೭ರಿಂದ ೧೯೭೩ರವರೆಗೆ ಈಜಿಪ್ಟಿಗೂ ಇಸ್ರೇಲಿಗೂ ನಡೆದ ಯುದ್ಧಗಳಲ್ಲಿ ಅದು ಜಖಂಗೊಂಡು, ಕೊನೆಗೆ ಅದನ್ನು ಕೆಡವಬೇಕಾಯಿತು. ಒಂದು ಯುದ್ಧದಲ್ಲಿ ಸತ್ತವರ ನೆನಪನ್ನು ಬೇರೊಂದು ಯುದ್ಧವು ಕೊಂದಿತು. ೧೯೮೦ರಲ್ಲಿ ಕೈರೋ ನಗರದ ಹೆಲಿಯೊಪೊಲಿಸ್ ಶ್ಮಶಾನದಲ್ಲಿ ಹೊಸ ಸ್ಮಾರಕವನ್ನು ಭಾರತದ ರಾಯಭಾರಿಯು ಅನಾವರಣ ಮಾಡಿದನು.

ಮೈಸೂರಿನ ಕಲ್ಲುಗಳ ಕಥೆಯು ಇಲ್ಲಿಗೇ ಮುಗಿಯಲೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಂಸ್ಥಾನದ ಒಂದನೆಯ ಪದಾತಿದಳವು ಸಿಂಗಪುರದಲ್ಲಿದ್ದಿತು. ೧೯೪೨ರ ಫೆಬ್ರವರಿ ೧೫ರಂದು ಆ ದ್ವೀಪವು ಜಪಾನೀಯರಿಗೆ ಶರಣಾದಾಗ ಅದೂ ಸೆರೆಸಿಕ್ಕಿತು. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳ ಮೇಲೆ, ಗೋರಿ ಗೊತ್ತಿಲ್ಲದೆ ಹೋದ ನಾನಾ ದೇಶದ ೨೪,೦೦೦ಕ್ಕೆ ಮೇಲ್ಪಟ್ಟ ಮಂದಿಯ ಹೆಸರುಗಳಿವೆ.

೬

ಮನೆಯ ಕಡೆ ಈ ನೆನಪು ಹೇಗೆ ಉಳಿಯಿತೆಂಬುದನ್ನೂ ನೋಡಬೇಕು. ದೆಹಲಿಯಲ್ಲಿ ಮೂರು ಸಂಸ್ಥಾನಗಳ ಮೂವರು ಸವಾರರ ಪ್ರತಿಮೆಗಳನ್ನು ೧೯೨೨ರಲ್ಲಿ ನಿಲ್ಲಿಸಿದರು. ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್. ಕಾಲಕ್ರಮದಲ್ಲಿ ಜನರು ಆ ಸ್ಥಳವನ್ನು ತೀನ್ ಮೂರ್ತಿ ಎಂದು ಕರೆದರು. ಅದರ ಮಗ್ಗುಲಿನ ಭವನವು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರ ನಿವಾ­ಸವಾಗಿ ಹೆಸರಾಯಿತು. ಆ ಮೂವರಲ್ಲಿ ಒಬ್ಬನು ಮೈಸೂರಿನವನೆಂಬುದು ಮಾತ್ರ ಮರೆತುಹೋಯಿತು. ೨೦೧೮ರಲ್ಲಿ, ಕಾಳಗದ ನೂರನೆಯ ವರ್ಷದಲ್ಲಿ, ಆ ಚೌಕಕ್ಕೆ ಹೈಫದ ಹೆಸರನ್ನು ಸೇರಿಸಿದರು. ಅದಕ್ಕೆ ಹಿಂದಿನ ವರ್ಷ ಜುಲೈ ತಿಂಗಳಲ್ಲಿ ಭಾರತದ ಪ್ರಧಾನಮಂತ್ರಿಯು ಹೈಫದ ಶ್ಮಶಾನಕ್ಕೆ ಹೋಗಿ ಹೂವಿಟ್ಟು ಬಂದಿದ್ದರು. ಬೆಂಗಳೂರಿನಲ್ಲಿ, ಇಂದಿನ ಜಯಚಾಮರಾಜೇಂದ್ರ ನಗರದ ಭಾಗದಲ್ಲಿ, ಮೈಸೂರು ಲಾನ್ಸರ್ಸ್ ದಳದ ಸ್ಮಾರಕಸ್ತಂಭವಿದೆ. ಸಂಸ್ಥಾನಗಳು ಒಕ್ಕೂಟದಲ್ಲಿ ಸೇರಿದ ಮೇಲೆ, ೧೯೫೩ರಲ್ಲಿ, ಅವುಗಳ ಅಶ್ವದಳಗಳನ್ನೆಲ್ಲ ಕೂಡಿಸಿ ಭಾರತದ ಭೂಸೇನೆಯು ಅರುವತ್ತೊಂದನೆಯ ಅಶ್ವದಳವನ್ನು ಕಟ್ಟಿತು. ಮೈಸೂರಿನ ಸವಾರರ ಪರಂಪರೆಯು ಅದರಲ್ಲಿ ಸೇರಿದೆ. ಸೆಪ್ಟೆಂಬರ್ ೨೩ನ್ನು ಹೈಫ ದಿನವೆಂದು ಆಚರಿಸುವ ಪದ್ಧತಿಯೂ ಉಳಿದುಬಂದಿದೆ.

ಆದರೂ ಒಂದು ಸಂದೇಹವು ವಿಚಾರವಂತರನ್ನು ಕಾಡುತ್ತದೆ. ವೀರಗಲ್ಲಿನ ವೀರನು ತನ್ನ ದನಕ್ಕಾಗಿ, ತನ್ನ ಊರಿಗಾಗಿ ಸತ್ತನು. ಹೈಫದಲ್ಲಿ ಸತ್ತವನು ಯಾರಿಗಾಗಿ ಸತ್ತನು? ತುರ್ಕರು ಮೈಸೂರಿನ ದನಗಳನ್ನು ಹಿಡಿದಿರಲಿಲ್ಲ. ಕಡೂರಿನ ಊರುಗಳಿಗೆ ಬೆಂಕಿಯಿಟ್ಟಿರಲಿಲ್ಲ. ಪರರಾಜ್ಯದ ಲಾಭಕ್ಕಾಗಿ ಪರರಾಜ್ಯದವರೊಡನೆ ಕಾದಿ ಸತ್ತವನನ್ನು ವೀರನೆನ್ನಬಹುದೆ? ದಳದ ಮುಸಲ್ಮಾನ ಸವಾರರ ಪಾಡು ಇನ್ನೂ ಕಠಿಣವಾಗಿದ್ದಿತು. ಇದಿರಿನ ಸುಲ್ತಾನನು ಅವರ ಮತಕ್ಕೆ ಖಲೀಫನೂ ಆಗಿದ್ದನು. ಸತ್ಯಾಗ್ರಹದ ಕಾಲವನ್ನು ಕಂಡ ತಲೆಮಾರು ಇಂತಹ ಸೈನಿಕರ ಮಾತೆತ್ತುವುದಕ್ಕೆ ಹಿಂಜರಿದುದು ಸಹಜವೇ. ಹೊಸ ರಾಷ್ಟ್ರಕ್ಕೆ ತನ್ನದೇ ವೀರರಿದ್ದರು. ಚಕ್ರವರ್ತಿಯ ಸೇವೆಯಲ್ಲಿ ಸತ್ತವರನ್ನು ಎಲ್ಲಿರಿಸಬೇಕೆಂದು ಅದಕ್ಕೆ ತೋರಲಿಲ್ಲ.

ಈ ಸಂದೇಹಕ್ಕೆ ಉತ್ತರವನ್ನು ಹಳಗನ್ನಡದಲ್ಲಿಯೇ ಹುಡುಕಬಹುದು. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳನ್ನು ಕಾವ್ಯಗಳೂ ಶಾಸನಗಳೂ ಬಲ್ಲವರು ಅರಿಯರೆ? ಉಂಡ ಜೋಳದ ಋಣವನ್ನು ತೀರಿಸುವುದೇ ಜೋಳವಾಳಿ. ಅದು ಒಡೆಯನ ಗುಣದೋಷಗಳನ್ನು ತೂಗಿನೋಡಿ ಹುಟ್ಟಿದ ಧರ್ಮವಲ್ಲ. ಕೊಟ್ಟ ಮಾತಿಗೆ ನಿಂತ ಆಳಿನ ಧರ್ಮ. ಕೌರವನ ಪಕ್ಷವು ತಪ್ಪೆಂದು ತಿಳಿದೂ ಕರ್ಣನು ಅವನನ್ನು ಬಿಡಲಿಲ್ಲ; ಕನ್ನಡದ ಆದಿಕವಿಯು ಅದಕ್ಕಾಗಿ ಕರ್ಣನನ್ನು ಹಳಿಯಲಿಲ್ಲ, ಕೊಂಡಾಡಿದನು. ಯುದ್ಧವನ್ನು ಹೂಡಿದವರ ನ್ಯಾಯಾನ್ಯಾಯಗಳನ್ನು ಚರಿತ್ರಕಾರನು ನಿಷ್ಠುರವಾಗಿ ವಿಚಾರಿಸಲಿ. ಆದರೆ ಆ ವಿಚಾರಣೆಯ ತೀರ್ಪಿನ ದಂಡವನ್ನು ಮೇಕೆಯ ಜಾಡಿನಲ್ಲಿ ಕುದುರೆಯನ್ನು ನಡಸಿಕೊಂಡು ಕಾರ್ಮೆಲನ್ನು ಹತ್ತಿದ ಸವಾರನ ಮೇಲೆ ಹೇರುವುದು ನ್ಯಾಯವಲ್ಲ. ಅವನನ್ನು ಮರೆಯುವುದೆಂದರೆ ಆ ದಂಡವನ್ನು ಹೇರಿದಂತೆಯೇ.

ವೀರಗಲ್ಲಿನ ಮೂರು ಲಕ್ಷಣಗಳಲ್ಲಿ ಪರದೇಶದ ಈ ಕಲ್ಲುಗಳಿಗೆ ಒಂದೂ ಇಲ್ಲವೆಂದು ಮೊದಲಲ್ಲಿ ಹೇಳಿತಷ್ಟೆ. ಅವುಗಳನ್ನು ಊರಿಗೆ ತರುವುದು ಆಗದ ಮಾತು. ಸತ್ತವರ ಮನೆಗಳಿಗೆ ಇಂದು ನೆತ್ತರುಗೊಡಗೆಯನ್ನು ಬಿಡುವ ಒಡೆಯರೂ ಇಲ್ಲ. ಉಳಿದುದು ಎರಡನೆಯ ಲಕ್ಷಣ: ಹೆಸರನ್ನು ತಾಯಿಯ ಮಾತಿನಲ್ಲಿ ಬರೆಯುವುದು. ಇದು ಮಾತ್ರ ಇಂದಿಗೂ ಸಾಧ್ಯ. ಇದಕ್ಕೆ ಅರಸನ ಅಪ್ಪಣೆಯೂ ಬೇಡ, ಹೊನ್ನೂ ಬೇಡ. ಎರಡು ಮಹಾಯುದ್ಧಗಳಿಗೆ ಈ ಜಿಲ್ಲೆಯ ಯಾವ ಯಾವ ಊರಿನಿಂದ ಯಾರು ಯಾರು ಹೋದರು, ಯಾರು ಬಂದರು, ಯಾರು ಬರಲಿಲ್ಲ ಎಂಬುದು ಮನೆಮನೆಯ ಪೆಟ್ಟಿಗೆಗಳಲ್ಲಿ, ಹಳೆಯ ಪಿಂಚಣಿಯ ಕಾಗದಗಳಲ್ಲಿ, ಕಿಲುಬುಹಿಡಿದ ಪದಕಗಳಲ್ಲಿ, ಮುದುಕರ ಬಾಯಲ್ಲಿ ಅಡಗಿದೆ. ರೈಸರು ಊರೂರು ಅಲೆದು ಕಲ್ಲುಗಳನ್ನು ಓದಿಸದಿದ್ದರೆ ಹೊಯ್ಸಳರ ಕಾಲದ ದನಗಾಹಿ ವೀರರ ಹೆಸರುಗಳು ಪಾಚಿಯ ಕೆಳಗೆ ಕರಗಿಹೋಗುತ್ತಿದ್ದುವು. ಸಾಹಿತ್ಯಸಂಘಗಳೂ ಶಾಲೆಗಳ ಉಪಾಧ್ಯಾಯರೂ ಮನಸ್ಸುಮಾಡಿದರೆ, ಈ ನೂರು ವರ್ಷಗಳ ಹೆಸರುಗಳನ್ನು ತಾಲ್ಲೂಕು ತಾಲ್ಲೂಕಿಗೆ ಒಂದು ಪಟ್ಟಿಯಾಗಿ ಬರೆದಿಡಬಹುದು.

ಇನ್ನೊಂದು ಮಾತುಂಟು. ಕಡಲಾಚೆಯ ಕಲ್ಲುಗಳ ಸುತ್ತ ಹುಲ್ಲನ್ನು ಕತ್ತರಿಸಿ, ಅಕ್ಷರಗಳು ಸವೆದಾಗ ಮತ್ತೆ ಕೊರೆದು, ಗೋಡೆಗೆ ಸುಣ್ಣ ಬಳಿದು ಕಾಯುವವರಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ವೀರಗಲ್ಲುಗಳು ಬಟ್ಟೆಯೊಗೆಯುವ ಹಾಸುಗಲ್ಲುಗಳಾಗಿಯೂ, ಕಾಲುವೆಗೆ ಅಡ್ಡಹಾಕಿದ ಸೇತುವೆಗಳಾಗಿಯೂ, ತೋಟದ ಬೇಲಿಯ ಮೂಲೆಗಲ್ಲುಗಳಾಗಿಯೂ ಇವೆ. ಹೈಫದ ಸವಾರನಿಗಾಗಿ ಕೊರಗುವವರು ಮೊದಲು ತಮ್ಮ ಊರಬಾಗಿಲಿನ ಕಲ್ಲನ್ನು ಎತ್ತಿ ನಿಲ್ಲಿಸಿ ತೊಳೆಯಲಿ. ಎರಡು ಕಲ್ಲುಗಳೂ ಹೇಳುವುದು ಒಂದೇ ಮಾತು: ಇಲ್ಲಿ ಒಬ್ಬ ಮನುಷ್ಯನಿದ್ದನು, ಅವನಿಗೊಂದು ಹೆಸರಿದ್ದಿತು, ಅವನು ಹಿಂದಿರುಗಿ ಮನೆಗೆ ಹೋಗಲಿಲ್ಲ. ಆ ಹೆಸರನ್ನು ಓದಬಲ್ಲವರು ಇರುವ ತನಕ ಅವನು ಪೂರ್ತಿ ಪರದೇಶದವನಾಗುವುದಿಲ್ಲ.